ಸೋಮ, ಬುಧ, ಶುಕ್ರ: ಒಂದು ಇಂಜೆಕ್ಷನ್ ಚೀಟಿ ಎಲ್ಲಿಂದ ಬಂತು?

ಸಿರುಗುಪ್ಪದ ಕಾಲುವೆ ದಂಡೆಗೆ ಬೆಳಗಿನ ಜಾವ ಐದಕ್ಕೆ ಹೋದರೆ ಕತ್ತಲಲ್ಲೇ ಓಡುವ ಹುಡುಗರು ಸಿಗುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಅವರ ಬಗ್ಗೆ ಬರೆಯೋಣ ಎಂದು ನಾವು ಹೋಗಿದ್ದೆವು. ಓಟ ಮುಗಿಸಿ ಏದುಸಿರು ಬಿಡುತ್ತ ಕೂತಿದ್ದ ಒಬ್ಬ ಹುಡುಗ ನಮ್ಮನ್ನು ಪಕ್ಕಕ್ಕೆ ಕರೆದ. ಅವನ ಓಟ 6 ನಿಮಿಷ 50 ಸೆಕೆಂಡಿಗೆ ನಿಂತುಬಿಟ್ಟಿದೆ. ಮೂರು ತಿಂಗಳಿಂದ ಒಂದು ಸೆಕೆಂಡೂ ಇಳಿದಿಲ್ಲ.

ಮೊಬೈಲಿನಲ್ಲಿ ಒಂದು ಚೀಟಿಯ ಫೋಟೊ ತೋರಿಸಿದ. ಬಳ್ಳಾರಿಯಲ್ಲಿ ಜಿಮ್ ಪರಿಚಯದವರೊಬ್ಬರು ಕಳಿಸಿದ್ದಂತೆ. ಮೇಲೆ ‘ಗ್ರೋತ್ ಹಾರ್ಮೋನ್’ ಎಂದಿತ್ತು, ಕೆಳಗೆ ಮೂರು ವಾರಗಳ ಹೆಸರು: ಸೋಮ, ಬುಧ, ಶುಕ್ರ. ಅಪ್ಪ ಭತ್ತ ಮಾರಿ ತಂದ ದುಡ್ಡಿನಲ್ಲಿ ಎರಡು ಬಾಟಲಿ ಕೊಂಡಿದ್ದಾನೆ. ಅಪ್ಪನಿಗೆ ಗೊತ್ತಿಲ್ಲ.

“ಅಣ್ಣಾ, ಇದು ದಿನಾ ಹಾಕ್ಕಬೇಕಾ, ವಾರಕ್ಕೆ ಮೂರು ಸಲ ಸಾಕಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.”

ನಾವು ಪತ್ರಿಕೋದ್ಯಮ ಓದಿದವರು, ಡಾಕ್ಟರಲ್ಲ. ಅವತ್ತು ಉತ್ತರ ಹೇಳಲಾಗಲಿಲ್ಲ. ಆದರೆ ಅವನ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಆ ಸೋಮ-ಬುಧ-ಶುಕ್ರವನ್ನು ಮೊದಲು ಯಾರು ಬರೆದರು, ಯಾಕೆ ಬರೆದರು ಎಂದು ಹುಡುಕುತ್ತ ಹೋದೆವು. ಹುಡುಕಾಟ ನಮ್ಮನ್ನು ಸತ್ತವರ ತಲೆಬುರುಡೆಯವರೆಗೆ ಕರೆದುಕೊಂಡು ಹೋಯಿತು. ಅದನ್ನೇ ಇಲ್ಲಿ ಹೇಳುತ್ತಿದ್ದೇವೆ.

ಮೈ ಗಟ್ಟಿ ಮಾಡಿಕೊಳ್ಳುವ ಆಸೆ ನಮ್ಮ ಸೀಮೆಗೆ ಹೊಸದಲ್ಲ. ಮೊನ್ನೆ ಮೊನ್ನೆವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಹಂಪಿಗೆ 1520ರ ಸುಮಾರಿಗೆ ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ವ್ಯಾಪಾರಿ ಬಂದಿದ್ದ. ಕೃಷ್ಣದೇವರಾಯನ ಬೆಳಗಿನ ದಿನಚರಿಯನ್ನು ಅವನು ಬರೆದಿಟ್ಟಿದ್ದಾನೆ. ರಾಜ ಬೆಳಕು ಹರಿಯುವ ಮೊದಲೇ ಎದ್ದು ಒಂದು ಅಳತೆ ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೆಲ್ಲ ಅದೇ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ. ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತುತ್ತಿದ್ದ. ಹಚ್ಚಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ಬೀಸುತ್ತಿದ್ದ. ಆಮೇಲೆ ಜಟ್ಟಿಯೊಬ್ಬನ ಜೊತೆ ಕುಸ್ತಿ, ಅದಾದ ಮೇಲೆ ಬೆಳಕಾಗುವತನಕ ಕುದುರೆ ಸವಾರಿ. ಇದು ದಿನಾಲೂ. ಎಳ್ಳೆಣ್ಣೆ ಕುಡಿದರೆ ಹಾರ್ಮೋನು ಏರುತ್ತದೆ ಎಂದು ನಾವು ಹೇಳುತ್ತಿಲ್ಲ. ದಯವಿಟ್ಟು ಹಾಗಂತ ಫಾರ್ವರ್ಡ್ ಮಾಡಬೇಡಿ. ಆ ದಿನಚರಿಯಲ್ಲಿ ಬೇರೊಂದು ಸಂಗತಿ ಇದೆ, ಅದಕ್ಕೆ ಮುಂದೆ ಬರುತ್ತೇವೆ.

ಹತ್ತಿರದ ಕಾಲದ ಉದಾಹರಣೆ ಬೇಕೆಂದರೆ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದ ಕೆ.ವಿ. ಅಯ್ಯರ್ ಇದ್ದಾರೆ. ‘ಶಾಂತಲಾ’ ಕಾದಂಬರಿ ಬರೆದವರೂ ಅವರೇ. ಅವರ ಹಳೆಯ ಫೋಟೊ ನೋಡಿದರೆ ಇವತ್ತಿನ ಜಿಮ್ ಹುಡುಗರೂ ಬಾಯಿ ಮೇಲೆ ಬೆರಳಿಡುತ್ತಾರೆ. ಆ ಮೈ ಕಟ್ಟಿದ ಕಾಲಕ್ಕೆ ಮನುಷ್ಯರ ಬೆಳವಣಿಗೆ ಹಾರ್ಮೋನನ್ನು ಯಾರೂ ಬೇರ್ಪಡಿಸಿಯೇ ಇರಲಿಲ್ಲ.

ಈ ಹಾರ್ಮೋನು ಹುಟ್ಟುವುದು ಮೆದುಳಿನ ಬುಡದಲ್ಲಿ ತೂಗಾಡುವ ಪಿಟ್ಯುಟರಿ ಎಂಬ ಗ್ರಂಥಿಯಲ್ಲಿ. ಗಾತ್ರ ಒಂದು ಕಡಲೆ ಕಾಳಿನಷ್ಟು. 1886ರಲ್ಲಿ ಪಿಯರ್ ಮರಿ ಎಂಬ ಫ್ರಾನ್ಸಿನ ಡಾಕ್ಟರು ಕೈ, ಪಾದ, ದವಡೆ ದೊಡ್ಡದಾಗುತ್ತ ಹೋಗುವ ಕಾಯಿಲೆಯೊಂದಕ್ಕೆ ಅಕ್ರೊಮೆಗಲಿ ಎಂದು ಹೆಸರಿಟ್ಟರು. ಈ ಗ್ರಂಥಿ ಮಿತಿಮೀರಿ ಹಾರ್ಮೋನು ಸುರಿಸಿದರೆ ಹಾಗಾಗುತ್ತದೆ ಎಂದು ಆಮೇಲೆ ತಿಳಿಯಿತು. 1921ರಲ್ಲಿ ಅಮೆರಿಕದ ಹರ್ಬರ್ಟ್ ಇವಾನ್ಸ್ ಮತ್ತು ಜೋಸೆಫ್ ಲಾಂಗ್ ದನದ ಪಿಟ್ಯುಟರಿಯ ರಸವನ್ನು ಇಲಿಗಳಿಗೆ ಕೊಟ್ಟರು. ಇಲಿಗಳು ಹೆಗ್ಗಣದಂತೆ ಬೆಳೆದವು.

ಹಾಗಾದರೆ ಕುಳ್ಳಗಿರುವ ಮಕ್ಕಳಿಗೂ ದನದ ಹಾರ್ಮೋನು ಕೊಡಬಹುದಲ್ಲ? ಡಾಕ್ಟರುಗಳೂ ಹಾಗೇ ಅಂದುಕೊಂಡರು. ಶುಗರ್ ಇರುವವರಿಗೆ ದನ, ಹಂದಿಯ ಇನ್ಸುಲಿನ್ ಕೊಟ್ಟು ದಶಕಗಟ್ಟಲೆ ಜೀವ ಉಳಿಸಿದ್ದರು. ಆದರೆ ಬೆಳವಣಿಗೆ ಹಾರ್ಮೋನಿನ ವಿಷಯದಲ್ಲಿ ಅದು ನಡೆಯಲಿಲ್ಲ. ಮನುಷ್ಯನ ಮೈ ಮನುಷ್ಯರದನ್ನು, ಇಲ್ಲವೇ ಮಂಗಗಳದನ್ನು ಮಾತ್ರ ಒಪ್ಪುತ್ತದೆ. 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚೋ ಹಾವೊ ಲಿ ಎಂಬ ವಿಜ್ಞಾನಿ ಮನುಷ್ಯರ ಹಾರ್ಮೋನನ್ನು ಬೇರ್ಪಡಿಸಿದರು. 1958ರಲ್ಲಿ ಬಾಸ್ಟನ್ನಿನ ಮಾರಿಸ್ ರಾಬೆನ್ ಎಂಬ ಡಾಕ್ಟರು ಅದನ್ನು ಕೊಟ್ಟ ಹದಿಹರೆಯದ ಹುಡುಗ ಬೆಳೆದ ಎಂದು ವರದಿ ಮಾಡಿದರು.

ಮನುಷ್ಯರ ಗ್ರಂಥಿ ಎಲ್ಲಿ ಸಿಗುತ್ತದೆ? ಶವಾಗಾರದಲ್ಲಿ. ಬೇರೆ ದಾರಿಯೇ ಇರಲಿಲ್ಲ. ಪೋಸ್ಟ್‌ಮಾರ್ಟಂ ಆದ ದೇಹಗಳಿಂದ ಆ ಕಡಲೆ ಕಾಳಿನಷ್ಟು ಗ್ರಂಥಿಯನ್ನು ತೆಗೆದು, ಅಸಿಟೋನಿನಲ್ಲಿ ಹಾಕಿ, ಸಾವಿರಾರು ಗ್ರಂಥಿಗಳನ್ನು ಒಟ್ಟಿಗೆ ಅರೆದು ಔಷಧಿ ತೆಗೆಯುತ್ತಿದ್ದರು. ಒಂದು ಮಗುವಿನ ಒಂದು ವರ್ಷದ ಔಷಧಿಗೆ ಹತ್ತಾರು ಹೆಣಗಳ ಗ್ರಂಥಿ ಬೇಕಿತ್ತು. ಅಮೆರಿಕದಲ್ಲಿ ಇದಕ್ಕಾಗಿಯೇ ಸರ್ಕಾರದ ಹಣದಲ್ಲಿ ಒಂದು ಏಜೆನ್ಸಿ ಶುರುವಾಯಿತು. ಎಷ್ಟು ಕೂಡಿಸಿದರೂ ಸಾಲದು, ಕಾಯುವ ಮಕ್ಕಳ ಸಾಲು ಬೆಳೆಯುತ್ತಲೇ ಇತ್ತು.

ನಾವು ಹುಡುಕುತ್ತಿದ್ದ ಚೀಟಿ ಸಿಕ್ಕಿದ್ದು ಇಲ್ಲಿ. ಔಷಧಿ ಕಡಿಮೆ. ಕೊಡಬೇಕಾದದ್ದು ಮಾಂಸಖಂಡಕ್ಕೆ, ನೋವಿನ ಇಂಜೆಕ್ಷನ್. ಹಾಗಾಗಿ ವಾರಕ್ಕೆ ಎರಡು ಅಥವಾ ಮೂರು ಸಲ ಎಂಬ ರೂಢಿ ಬಿತ್ತು. ಮೈಗೆ ಅದೇ ಸರಿ ಎಂದು ಯಾರೋ ಕಂಡುಹಿಡಿದು ಇಟ್ಟ ಲೆಕ್ಕ ಅದಲ್ಲ. ನೀರು ಕಡಿಮೆ ಇದ್ದಾಗ ಕಾಲುವೆಗೆ ಪಾಳಿ ಹಾಕುತ್ತಾರಲ್ಲ, ಹಾಗೆ ಬಿದ್ದ ಪಾಳಿ. ಸಿರುಗುಪ್ಪದ ಹುಡುಗನ ಮೊಬೈಲಿಗೆ ಬಂದ ಸೋಮ-ಬುಧ-ಶುಕ್ರದ ಬೇರು ಈ ಪಾಳಿಯಲ್ಲೇ ಇದೆ ಎಂಬುದು ನಮ್ಮ ಲೆಕ್ಕ.

ಮೈ ತನ್ನ ಹಾರ್ಮೋನನ್ನು ಹೇಗೆ ಬಿಡುತ್ತದೆ ಎಂಬುದು ಗೊತ್ತಾದದ್ದು ಈ ಪಾಳಿ ಬಿದ್ದ ಮೇಲೆ. ರಕ್ತದಲ್ಲಿ ಕೂದಲೆಳೆಯಷ್ಟು ಹಾರ್ಮೋನು ಇದ್ದರೂ ಅಳೆಯುವ ವಿಧಾನವನ್ನು ನ್ಯೂಯಾರ್ಕಿನಲ್ಲಿ ರೋಸಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ ಕಂಡುಹಿಡಿದಿದ್ದರು. ಅದಕ್ಕಾಗಿ 1977ರಲ್ಲಿ ಯಾಲೋ ಅವರಿಗೆ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. 1963ರಲ್ಲಿ ಅವರ ತಂಡ ಅಳೆದು ನೋಡಿದಾಗ ಉಪವಾಸವಿದ್ದರೆ, ಸಕ್ಕರೆ ಇಳಿದರೆ, ಮೈ ದಣಿಯುವಂತೆ ವ್ಯಾಯಾಮ ಮಾಡಿದರೆ ಈ ಹಾರ್ಮೋನು ಏರುವುದು ಕಂಡಿತು. 1968ರಲ್ಲಿ ಮತ್ತೊಂದು ತಂಡ ಮಲಗಿದವರ ರಕ್ತವನ್ನು ರಾತ್ರಿಯಿಡೀ ಪರೀಕ್ಷಿಸಿತು. ಮಲಗಿದ ಮೊದಲ ಹೊತ್ತಿನ ಗಾಢ ನಿದ್ದೆಯಲ್ಲಿ ದೊಡ್ಡ ಅಲೆಯೊಂದು ಏಳುತ್ತದೆ. ದಿನದ ಉಳಿದ ಹೊತ್ತಿನಲ್ಲಿ ಸಣ್ಣ ಅಲೆಗಳು, ನಡುನಡುವೆ ಹೆಚ್ಚುಕಡಿಮೆ ಏನೂ ಇಲ್ಲ.

ಈಗ ಪಾಯೆಸ್ ಬರೆದದ್ದನ್ನು ನೆನೆಯಿರಿ. ರಾತ್ರಿ ಊಟವಾಗಿ ಎಷ್ಟೋ ಹೊತ್ತಾದ ಮೇಲೆ, ಬೆಳಕು ಹರಿಯುವ ಮೊದಲು, ಬೆವರು ಇಳಿಯುವವರೆಗೆ ಕಸರತ್ತು. ಗರಡಿ ಮನೆಗಳ ರೂಢಿಯೂ ಅದೇ. ಅಳೆಯುವ ಯಂತ್ರವಿಲ್ಲದ ಕಾಲದಲ್ಲಿ ಜಟ್ಟಿಗಳು ಹಾರ್ಮೋನನ್ನು ಕಂಡಿದ್ದರು ಎಂದು ಹೆಮ್ಮೆ ಪಡುವ ಅವಸರ ನಮಗಿಲ್ಲ. ಮೈ ತಾನೇ ಕೊಡುವ ಡೋಸು ದಿನಕ್ಕೆ ಹಲವು ಸಲ ಬರುತ್ತದೆ, ದುಡಿಮೆ ಮತ್ತು ನಿದ್ದೆಗೆ ಅಂಟಿಕೊಂಡು ಬರುತ್ತದೆ, ಅಷ್ಟೇ ನಮ್ಮ ಮಾತು.

1983ರಲ್ಲಿ ಡೆನ್ಮಾರ್ಕಿನ ಡಾಕ್ಟರುಗಳು ವಾರಕ್ಕೆ ಮೂರು ಸಲದ ಮಕ್ಕಳನ್ನು ದಿನಾಲೂ ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್ನಿಗೆ ಬದಲಾಯಿಸಿದರು. ಮಕ್ಕಳು ಮೊದಲಿಗಿಂತ ಬೇಗ ಬೆಳೆದರು. ಪಾಳಿ ಲೆಕ್ಕ ಮಕ್ಕಳಿಗೇ ಸರಿಯಿರಲಿಲ್ಲ ಎಂದು ಅಲ್ಲಿಗೆ ಗೊತ್ತಾಯಿತು.

ಎರಡು ವರ್ಷದಲ್ಲಿ ದೊಡ್ಡ ಪೆಟ್ಟು ಬಿತ್ತು. 1985ರಲ್ಲಿ, ಚಿಕ್ಕವರಿದ್ದಾಗ ಈ ಔಷಧಿ ಪಡೆದಿದ್ದ ಅಮೆರಿಕದ ಕೆಲವು ಯುವಕರು ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಕಾಯಿಲೆಯಿಂದ ಸತ್ತದ್ದು ಬೆಳಕಿಗೆ ಬಂತು. ಮೆದುಳು ಸ್ಪಂಜಿನಂತೆ ತೂತಾಗುವ ಕಾಯಿಲೆ. ಮೊದಲು ನಡಿಗೆ ತಪ್ಪುತ್ತದೆ, ಆಮೇಲೆ ಮಾತು, ಆಮೇಲೆ ಜೀವ. ಮದ್ದಿಲ್ಲ. ಗ್ರಂಥಿ ತೆಗೆದ ಯಾವುದೋ ಹೆಣದಲ್ಲಿ ಆ ಕಾಯಿಲೆ ಇದ್ದಿರಬೇಕು. ಸಾವಿರಾರು ಗ್ರಂಥಿಗಳನ್ನು ಒಟ್ಟಿಗೆ ಅರೆದದ್ದರಿಂದ ಒಂದರ ವಿಷ ಎಲ್ಲದಕ್ಕೂ ಹತ್ತಿತು. ಅಮೆರಿಕ ಆ ಔಷಧಿಯನ್ನು ತಕ್ಷಣ ನಿಲ್ಲಿಸಿತು, ಬೇರೆ ದೇಶಗಳೂ ನಿಲ್ಲಿಸುತ್ತ ಬಂದವು. ಫ್ರಾನ್ಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಹೀಗೆ ಸತ್ತರು. ಕೆಲವರಿಗೆ ಕಾಯಿಲೆ ಕಾಣಿಸಿಕೊಂಡದ್ದು ಇಂಜೆಕ್ಷನ್ ಪಡೆದ ಎಷ್ಟೋ ದಶಕಗಳ ಮೇಲೆ. ಮಗು ಬೆಳೆಯಲಿ ಎಂದು ಸೂಜಿ ಹಾಕಿಸಿದ ತಾಯಂದಿರ ಬಗ್ಗೆ ಓದುವಾಗ ನಮ್ಮಲ್ಲಿ ಒಬ್ಬಳು ಪುಸ್ತಕ ಮುಚ್ಚಿಟ್ಟು ಹೊರಗೆ ಹೋದಳು.

ಅದೇ ವರ್ಷದ ಅಕ್ಟೋಬರಿನಲ್ಲಿ, ಬ್ಯಾಕ್ಟೀರಿಯಾಗಳಿಗೆ ಮನುಷ್ಯರ ವಂಶವಾಹಿ ಸೇರಿಸಿ ತಯಾರಿಸಿದ ಹಾರ್ಮೋನಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹೆಣದ ಹಂಗಿಲ್ಲ, ಎಷ್ಟು ಬೇಕಾದರೂ ಮಾಡಬಹುದು. ಪಾಳಿ ಮುಗಿದು ದಿನಾಲೂ ಒಂದು ಸೂಜಿ ಎಂಬುದು ರೂಢಿಯಾಯಿತು. ಎಷ್ಟು ಬೇಕಾದರೂ ಸಿಗುವ ವಸ್ತು ಬೇಡದ ಕೈಗೂ ಹೋಗುತ್ತದೆ. ಕಾಯಿಲೆ ಮಕ್ಕಳ ಔಷಧಿ ಮೈದಾನಕ್ಕೆ ಇಳಿಯಿತು.

1988ರ ಸೋಲ್ ಒಲಿಂಪಿಕ್ಸಿನಲ್ಲಿ ನೂರು ಮೀಟರ್ ಗೆದ್ದ ಬೆನ್ ಜಾನ್ಸನ್ ಸಿಕ್ಕಿಬಿದ್ದದ್ದು ಸ್ಟೆರಾಯ್ಡ್‌ನಿಂದ. ಮರುವರ್ಷದ ವಿಚಾರಣೆಯಲ್ಲಿ ಬೆಳವಣಿಗೆ ಹಾರ್ಮೋನನ್ನೂ ಬಳಸಿದ್ದು ಹೊರಬಂತು. 1989ರಲ್ಲಿ ಒಲಿಂಪಿಕ್ ಸಮಿತಿ ಅದನ್ನು ನಿಷೇಧಿಸಿತು, ಆದರೆ ಹಿಡಿಯಲು ಪರೀಕ್ಷೆಯೇ ಇರಲಿಲ್ಲ. ಮೈಯದೂ ಅದೇ ಹಾರ್ಮೋನು, ಸೂಜಿಯದೂ ಅದೇ. ಹೇಗೆ ಬೇರೆ ಮಾಡುವುದು? ಸಿರುಗುಪ್ಪದವರಿಗೆ ಉತ್ತರ ಸುಲಭವಾಗಿ ಅರ್ಥವಾಗುತ್ತದೆ. ಮನೆಯ ಭತ್ತ ಕುಟ್ಟಿಸಿದರೆ ಇಡೀ ಅಕ್ಕಿಯ ಜೊತೆ ನುಚ್ಚೂ ಬರುತ್ತದೆ. ಅಂಗಡಿಯ ಪ್ಯಾಕೆಟ್ಟಿನಲ್ಲಿ ಒಂದೇ ಅಳತೆಯ ಕಾಳು. ಮೈ ಬಿಡುವ ಹಾರ್ಮೋನಿನಲ್ಲಿ ಒಂದಕ್ಕಿಂತ ಹೆಚ್ಚು ಅಳತೆಯ ಕಣಗಳಿರುತ್ತವೆ, ಇಂಜೆಕ್ಷನ್ನಿನಲ್ಲಿ ಒಂದೇ. ರಕ್ತದಲ್ಲಿ ‘ನುಚ್ಚು’ ಕಡಿಮೆಯಾಗಿ ‘ಇಡೀ ಕಾಳು’ ಹೆಚ್ಚಿದ್ದರೆ ಅದು ಹೊರಗಿನದು. ಈ ಪರೀಕ್ಷೆ 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಶುರುವಾಯಿತು. ಮೊದಲ ಆಟಗಾರ, ಇಂಗ್ಲೆಂಡಿನ ಒಬ್ಬ ರಗ್ಬಿ ಆಟಗಾರ, ಸಿಕ್ಕಿಬಿದ್ದದ್ದು 2010ರಲ್ಲಿ. ಇಂಜೆಕ್ಷನ್ನಿನ ಗುರುತು ಒಂದೆರಡು ದಿನದಲ್ಲಿ ಅಳಿದುಹೋಗುತ್ತಿದ್ದುದೇ ತಡಕ್ಕೆ ಒಂದು ಕಾರಣ. ಆಮೇಲೆ ಹೆಚ್ಚು ದಿನ ಉಳಿಯುವ ಗುರುತು ಹಿಡಿಯುವ ಇನ್ನೊಂದು ಪರೀಕ್ಷೆ ಬಂತು. 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ ಅದು ಭಾರ ಎತ್ತುವ ಇಬ್ಬರನ್ನು ಹಿಡಿಯಿತು.

ನಮ್ಮ ದೇಶದ ಲೆಕ್ಕ ಹೇಳಿಕೊಳ್ಳುವಂತಿಲ್ಲ. 2023ರಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಸಿಕ್ಕಿಬಿದ್ದವು. ಕರ್ನಾಟಕದವರು ಮರೆಯದ ಪ್ರಕರಣ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಅವರದು. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ತಂದ ಓಟಗಾರ್ತಿ 2011ರಲ್ಲಿ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿದರು. ಕೋಚ್ ಕೊಟ್ಟ ಜಿನ್ಸೆಂಗ್ ಮಾತ್ರೆಯಿಂದ ಹೀಗಾಯಿತು ಎಂಬುದು ಆ ಓಟಗಾರ್ತಿಯರ ವಾದವಾಗಿತ್ತು. ಮೊದಲು ಒಂದು ವರ್ಷವಿದ್ದ ಶಿಕ್ಷೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯಲ್ಲಿ ಎರಡು ವರ್ಷವಾಯಿತು. ಅದು ಹಾರ್ಮೋನು ಇಂಜೆಕ್ಷನ್ನಿನ ಪ್ರಕರಣವಲ್ಲ. ಆದರೆ ಯಾರೋ ಕೊಟ್ಟದ್ದಕ್ಕೆ ತಗೊಂಡವರೇ ಹೊಣೆ ಎಂಬ ನಿಯಮ ಎಷ್ಟು ಬಿಗಿ ಎಂಬುದು ಅದರಿಂದ ಗೊತ್ತಾಗುತ್ತದೆ.

ಸರಿ, ಇಷ್ಟೆಲ್ಲ ಅಪಾಯ ಮಾಡಿಕೊಂಡರೆ ಓಟವಾದರೂ ಜೋರಾಗುತ್ತದೆಯೇ? ಹುಡುಗನಿಗೆ ಬೇಕಾದ ಉತ್ತರ ಇದೇ. 2008ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಹಾರ್ಮೋನು ತಗೊಂಡ ಆರೋಗ್ಯವಂತರಲ್ಲಿ ಕೊಬ್ಬಿಲ್ಲದ ತೂಕ ಸುಮಾರು ಎರಡು ಕೆಜಿ ಏರಿತ್ತು. ಅದರಲ್ಲಿ ಒಂದಷ್ಟು ಮೈ ಹಿಡಿದಿಟ್ಟುಕೊಂಡ ನೀರು. ಶಕ್ತಿ ಹೆಚ್ಚಿದ್ದು ಕಾಣಲಿಲ್ಲ. ಮೈ ಊತ, ಸುಸ್ತು ಹೆಚ್ಚಿದ್ದು ಕಂಡಿತು. 2010ರಲ್ಲಿ ಆಸ್ಟ್ರೇಲಿಯಾದವರು ತೊಂಬತ್ತಕ್ಕೂ ಹೆಚ್ಚು ಹವ್ಯಾಸಿ ಆಟಗಾರರಿಗೆ ಎಂಟು ವಾರ ದಿನಾಲೂ ಕೊಟ್ಟು ನೋಡಿದರು. ಸೈಕಲ್ ಮೇಲಿನ ಕೆಲವೇ ಸೆಕೆಂಡುಗಳ ರಭಸ ಶೇಕಡಾ 4ರಷ್ಟು ಹೆಚ್ಚಿತು. ದಮ್ಮು ಹೆಚ್ಚಲಿಲ್ಲ, ಬಲ ಹೆಚ್ಚಲಿಲ್ಲ. ನಿಲ್ಲಿಸಿದ ಆರು ವಾರಕ್ಕೆ ಆ ರಭಸವೂ ಇಳಿದುಹೋಯಿತು. 1600 ಮೀಟರ್ ಓಟ ಕೆಲವು ಸೆಕೆಂಡುಗಳ ರಭಸದ ಆಟವಲ್ಲ, ದಮ್ಮಿನ ಆಟ.

ಮಾರುವವರು ‘ಕೊಬ್ಬು ಕರಗುತ್ತೆ, ಶುಗರ್ ಬರಲ್ಲ’ ಎಂದೂ ಹೇಳುತ್ತಾರೆ. ಅದಕ್ಕೂ ಒಂದು ಚರಿತ್ರೆ ಇದೆ. 1990ರಲ್ಲಿ ಡೇನಿಯಲ್ ರಡ್ಮನ್ ಎಂಬ ಅಮೆರಿಕದ ಡಾಕ್ಟರು ಅರವತ್ತು ದಾಟಿದ ಹನ್ನೆರಡು ಗಂಡಸರಿಗೆ ಆರು ತಿಂಗಳು ಈ ಇಂಜೆಕ್ಷನ್ ಕೊಟ್ಟರು, ವಾರಕ್ಕೆ ಮೂರು ಸಲವೇ. ಕೊಬ್ಬು ಶೇಕಡಾ 14ರಷ್ಟು ಇಳಿಯಿತು. ಹನ್ನೆರಡು ಜನರ ಆ ಪುಟ್ಟ ಅಧ್ಯಯನವನ್ನು ಹಿಡಿದು ಮುಪ್ಪು ತಡೆಯುವ ಮದ್ದಿನ ವ್ಯಾಪಾರ ಜಗತ್ತಿಡೀ ಹಬ್ಬಿತು. ಸೋಮ-ಬುಧ-ಶುಕ್ರಕ್ಕೆ ಎರಡನೇ ಹುಟ್ಟು ಸಿಕ್ಕಿದ್ದು ಇಲ್ಲಿ.

ಕೊಬ್ಬು ಇಳಿಯುವುದು ನಿಜ. ಆದರೆ ಅದೇ ಹಾರ್ಮೋನು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ, ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಇದು ಹಳೆಯ ವಿದ್ಯೆ. ಮೇದೋಜೀರಕ ಗ್ರಂಥಿ ತೆಗೆದ ನಾಯಿಗೆ ಶುಗರ್ ಬರುತ್ತದೆ, ಅದರ ಪಿಟ್ಯುಟರಿಯನ್ನೂ ತೆಗೆದರೆ ಶುಗರ್ ಹಗುರಾಗುತ್ತದೆ ಎಂದು ಅರ್ಜೆಂಟೀನಾದ ಬರ್ನಾರ್ಡೊ ಹೌಸೆ 1930ರ ಹೊತ್ತಿಗೇ ತೋರಿಸಿದ್ದರು. 1947ರಲ್ಲಿ ಅವರಿಗೆ ನೊಬೆಲ್ ಬಂತು. ಅಕ್ರೊಮೆಗಲಿ ಇರುವ ಎಷ್ಟೋ ಜನರಿಗೆ ಶುಗರ್ ಬರುವುದೂ ಇದೇ ಕಾರಣಕ್ಕೆ. ಸಿರುಗುಪ್ಪದ ಹುಡುಗನನ್ನು ಕೇಳಿದೆವು: ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ? “ಅಪ್ಪಗೆ ಐತೆ, ದೊಡ್ಡಪ್ಪಗೂ ಐತೆ” ಎಂದ.

ಇದೇ ಔಷಧಿಯನ್ನು ಸರಿಯಾದ ಕಾರಣಕ್ಕೆ ತಗೊಳ್ಳುವ ಮನೆಯೊಂದನ್ನು ಕುರುಗೋಡು ಕಡೆಯ ಹಳ್ಳಿಯಲ್ಲಿ ನೋಡಿದೆವು. ಮಗಳಿಗೆ ಹಾರ್ಮೋನಿನ ಕೊರತೆ. ಎತ್ತರ ವರ್ಷಗಟ್ಟಲೆ ಅಳೆದು, ಥೈರಾಯ್ಡ್ ನೋಡಿ, ಮೂಳೆಯ ಎಕ್ಸ್‌ರೇ ತೆಗೆದು, ರಕ್ತ ಪರೀಕ್ಷೆಯಾದ ಮೇಲೆ ಡಾಕ್ಟರು ಬರೆದುಕೊಟ್ಟದ್ದು. ದಿನಾ ರಾತ್ರಿ ಊಟವಾದ ಮೇಲೆ, ಮಲಗುವ ಮೊದಲು ಒಂದು ಸೂಜಿ. ರಾತ್ರಿಯೇ ಯಾಕೆ ಎಂಬುದು ನಮಗೆ ಈಗ ಗೊತ್ತಾಗುತ್ತದೆ, ಮೈಯ ದೊಡ್ಡ ಅಲೆ ಏಳುವ ಹೊತ್ತು ಅದು. ತಾಯಿ ಒಂದು ಶಾಲೆ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ‘ಎಡ’, ‘ಬಲ’ ಎಂದು ಬರೆದಿಟ್ಟಿದ್ದಾರೆ, ಇವತ್ತು ಯಾವ ತೊಡೆ ಎಂದು ಮರೆಯದಿರಲು. ಜಾತ್ರೆಗೆ ನೆಂಟರ ಊರಿಗೆ ಹೋದರೂ ಐಸ್ ಡಬ್ಬಿ ಜೊತೆಗೆ ಹೋಗಬೇಕು.

“ವಾರಕ್ಕೊಂದೇ ಸಲದ್ದು ಬಂದೈತಂತಲ್ರಿ?” ಎಂದು ಅವರು ಕೇಳಿದರು. ಬಂದಿದೆ. ಮೊದಲ ಪ್ರಯತ್ನ 1999ರಲ್ಲೇ ಅಮೆರಿಕದಲ್ಲಿ ಆಗಿತ್ತು, ಎರಡು ವಾರಕ್ಕೋ ತಿಂಗಳಿಗೋ ಒಂದು ಸಲದ ಔಷಧಿ. 2004ರಲ್ಲಿ ಅದನ್ನು ನಿಲ್ಲಿಸಿದರು. 2020ರಲ್ಲಿ ದೊಡ್ಡವರಿಗೆ, 2021ರಲ್ಲಿ ಮಕ್ಕಳಿಗೆ ವಾರಕ್ಕೊಮ್ಮೆಯ ಹೊಸ ಔಷಧಿಗಳಿಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಹಾರ್ಮೋನು ರಕ್ತದಲ್ಲಿ ನಿಧಾನವಾಗಿ ಬಿಡುಗಡೆಯಾಗುವಂತೆ, ಬೇಗ ಕರಗಿಹೋಗದಂತೆ ಅದಕ್ಕೆ ಬೇರೊಂದು ಕಣವನ್ನು ಅಂಟಿಸುತ್ತಾರೆ. ಮಕ್ಕಳ ಬೆಳವಣಿಗೆ ದಿನದ ಸೂಜಿಗಿಂತ ಹಿಂದೆ ಬಿದ್ದಿಲ್ಲ. ವರ್ಷಕ್ಕೆ 365 ಸೂಜಿ ಹೋಗಿ 52 ಆಗುತ್ತದೆ. ಆ ತಾಯಿಗೆ ಅದು ದೊಡ್ಡ ಸಂಗತಿ. ಓಡುವ ಹುಡುಗನಿಗೆ ಅದರಿಂದ ಸಿಗುವುದು ಏನೂ ಇಲ್ಲ. ಎಷ್ಟು ಸಲ ಎಂಬ ಪ್ರಶ್ನೆ ಕೊರತೆ ಇರುವ ಮೈಗೆ ಮಾತ್ರ ಹುಟ್ಟಿದ್ದು.

ಮತ್ತೆ ಸಿರುಗುಪ್ಪಕ್ಕೆ ಹೋಗಿ ಇದನ್ನೆಲ್ಲ ಅವನಿಗೆ ಹೇಳಿದೆವು. ಕೇಳಿಸಿಕೊಂಡ. ಆಮೇಲೆ ತಲೆ ತಗ್ಗಿಸಿ, ಒಂದು ಬಾಟಲಿ ಆಗಲೇ ಮುಗಿದಿದೆ ಎಂದ. ಇನ್ನೊಂದನ್ನು ಮನೆಯ ಮಾಡಗೂಡಿನಲ್ಲಿ, ದೇವರ ಫೋಟೊ ಹಿಂದೆ ಇಟ್ಟಿದ್ದ. ಬಳ್ಳಾರಿ ಸೀಮೆಗೆ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ. ಈ ಔಷಧಿ ಇರಬೇಕಾದದ್ದು ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯೊಳಗೆ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆವು. ತಯಾರಿಸಿದವರ ವಿಳಾಸ ಇರಲಿಲ್ಲ, ಬ್ಯಾಚ್ ನಂಬರ್ ಇರಲಿಲ್ಲ. ಒಳಗಿದ್ದದ್ದು ಹಾರ್ಮೋನೋ ಬರೀ ನೀರೋ ಎಂದು ಹೇಳುವುದು ಹೇಗೆ? ಸೂಜಿ ಯಾರು ಚುಚ್ಚಿದ್ದು ಎಂದು ಕೇಳಿದರೆ, ರೂಮಿನ ಗೆಳೆಯ ಎಂದ. ಇಬ್ಬರಿಗೂ ಒಂದೇ ಸೂಜಿಯಾ ಎಂದು ಕೇಳಿದಾಗ ಉತ್ತರ ಬರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆಗೆ ಕೊಡಿಸಿದೆವು. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರು. ಓಟ ಮುಗಿಸಿಯೇ ಬಂದಿದ್ದರು.